ಕಣ್ಣು ಮುಚ್ಚಿದರೆ ಮಿದುಳಿನ ಗೆರೆ ಬದಲಾಗುತ್ತೆ: ಮನೆ ಲ್ಯಾಪ್‌ಟಾಪ್‌ನಲ್ಲೇ ಇಇಜಿ ಓದುವ ದಾರಿ

ಇಇಜಿ, ಅಂದರೆ ತಲೆಯ ಮೇಲಿಂದ ದಾಖಲಿಸಿದ ಮಿದುಳಿನ ವಿದ್ಯುತ್ ಗೆರೆಗಳ ವಿಶ್ಲೇಷಣೆ ಕಲಿಯಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು, ನಿಮ್ಹಾನ್ಸ್‌ನಂಥ ಕಡೆ ಸೀಟು ಸಿಗಬೇಕು, ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು ಅಂತ ನಮ್ಮ ಶಿವಮೊಗ್ಗ ಕಡೆಯ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ರೆಕಾರ್ಡ್ ಮಾಡುವುದಕ್ಕೆ ಯಂತ್ರ ಬೇಕು, ನಿಜ. ಓದಲು ಕಲಿಯುವುದಕ್ಕೆ ಬೇಡ. ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟ ಫೈಲುಗಳಿವೆ. ಅವನ್ನು ತೆರೆಯಲು ದುಡ್ಡು ಕೊಡಬೇಕಿಲ್ಲದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಹೊಸನಗರದ ಮನೆಯಲ್ಲಿ ಮಳೆಗಾಲದ ಸಂಜೆ ಕೂತು ಮಾಡಬಹುದಾದ ಕೆಲಸ ಇದು.

ಇಲ್ಲಿ ಒಂದೇ ಒಂದು ಪ್ರಯೋಗ ಹೇಳುತ್ತೇನೆ. ಒಬ್ಬ ವ್ಯಕ್ತಿ ಕಣ್ಣು ಬಿಟ್ಟುಕೊಂಡು ಕೂತ ಒಂದು ನಿಮಿಷ, ಕಣ್ಣು ಮುಚ್ಚಿಕೊಂಡು ಕೂತ ಒಂದು ನಿಮಿಷ. ಎರಡರ ವ್ಯತ್ಯಾಸವನ್ನು ಮೊದಲು ಬರಿಗಣ್ಣಿನಲ್ಲಿ ನೋಡೋಣ, ಆಮೇಲೆ ಲೆಕ್ಕದಲ್ಲಿ ನೋಡೋಣ. ಅರ್ಧ ದಾರಿಯವರೆಗೆ ಕೋಡಿಂಗ್ ಬೇಕಿಲ್ಲ.

ಇಇಜಿ ಬಗ್ಗೆ ಎರಡು ಮಾತು

ಮಿದುಳಿನ ಹೊರಪದರದ ಅಸಂಖ್ಯ ನರಕೋಶಗಳು ಒಟ್ಟಿಗೆ ಕೆಲಸ ಮಾಡಿದಾಗ ಹುಟ್ಟುವ ವಿದ್ಯುತ್ತು ಬುರುಡೆ, ಚರ್ಮ ದಾಟಿ ಹೊರಬರುವಷ್ಟರಲ್ಲಿ ತೀರಾ ಸಣ್ಣದಾಗಿರುತ್ತದೆ. ಕೆಲವು ಹತ್ತು ಮೈಕ್ರೋವೋಲ್ಟ್ (ಒಂದು ಮೈಕ್ರೋವೋಲ್ಟ್ ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು) ಅಷ್ಟೇ. ತಲೆಯ ಮೇಲೆ ಅಂಟಿಸಿದ ಎಲೆಕ್ಟ್ರೋಡುಗಳು ಅದನ್ನು ಹಿಡಿಯುತ್ತವೆ. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಸಲ ಇದನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಸುಮ್ನೆ ಕೂತಾಗ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಅಲೆ ಏಳುತ್ತೆ, ಕಣ್ಣು ಬಿಟ್ಟರೆ ಅಡಗುತ್ತೆ ಅಂತ ಗುರುತಿಸಿದ್ದೂ ಅವರೇ. ಅದು ಆಲ್ಫಾ ಅಲೆ. 8ರಿಂದ 13 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಏರಿಳಿತ) ನಡುವೆ ಇರುತ್ತದೆ, ತಲೆಯ ಹಿಂಭಾಗದಲ್ಲಿ ಜಾಸ್ತಿ ಕಾಣುತ್ತದೆ. ನಾವು ಹುಡುಕಲು ಹೊರಟಿರುವುದು ಇದನ್ನೇ.

ಯಾವ ಸಾಫ್ಟ್‌ವೇರ್?

ಹೆಸರುಗಳು ಬಹಳ ಕೇಳುತ್ತೀರಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಇಇಜಿಲ್ಯಾಬ್, ನೆದರ್ಲೆಂಡ್ಸಿನ ನೈಮೇಗನ್‌ನ ಫೀಲ್ಡ್‌ಟ್ರಿಪ್, ಆಮೇಲೆ ಬ್ರೇನ್‌ಸ್ಟಾರ್ಮ್. ಮೂರೂ ಓಪನ್ ಸೋರ್ಸ್, ಮೂರೂ ಒಳ್ಳೆಯವು. ಆದರೆ ಮೂರೂ ನಿಂತಿರುವುದು ಮ್ಯಾಟ್‌ಲ್ಯಾಬ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಮೇಲೆ, ಮ್ಯಾಟ್‌ಲ್ಯಾಬ್‌ಗೆ ದುಡ್ಡು ಕೊಡಬೇಕು. ಕಾಲೇಜಿನಲ್ಲಿ ಲೈಸೆನ್ಸ್ ಇದ್ದರೆ ಇಇಜಿಲ್ಯಾಬ್ ಖಂಡಿತ ಬಳಸಿ. ಬ್ರೇನ್‌ಸ್ಟಾರ್ಮ್‌ಗೆ ಲೈಸೆನ್ಸ್ ಇಲ್ಲದೆ ಓಡುವ ಒಂದು ರೂಪವೂ ಇದೆ, ಆದರೆ ಅದರ ಜೊತೆ ಅದನ್ನು ಓಡಿಸಲು ಬೇಕಾದ ದೊಡ್ಡ ರನ್‌ಟೈಮ್ ಫೈಲನ್ನೂ ಇಳಿಸಿಕೊಳ್ಳಬೇಕು.

ಮನೆಯಲ್ಲಿ ಶುರು ಮಾಡುವವರಿಗೆ ನಾನು ಹೇಳುವುದು ಎರಡೇ. ನೋಡುವುದಕ್ಕೆ ಇಡಿಎಫ್‌ಬ್ರೌಸರ್. ಲೆಕ್ಕ ಹಾಕುವುದಕ್ಕೆ ಎಂಎನ್ಇ-ಪೈಥಾನ್. ಮೊದಲನೆಯದು ಪುಟ್ಟ ಪ್ರೋಗ್ರಾಂ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ, ಎಲ್ಲವೂ ಮೆನುವಿನಲ್ಲೇ ಆಗುತ್ತದೆ. ಎರಡನೆಯದು ಪೈಥಾನ್ ಲೈಬ್ರರಿ, ಅಂದರೆ ಪೈಥಾನ್ ಭಾಷೆಯಲ್ಲಿ ಕೋಡ್ ಬರೆದು ಬಳಸುವಂಥದ್ದು. ಬಹಳ ಜನ ನೇರವಾಗಿ ಎರಡನೆಯದಕ್ಕೇ ಹಾರುತ್ತಾರೆ. ಹಾಗೆ ಮಾಡಬೇಡಿ. ಸಿಗ್ನಲ್ ಹೇಗಿರುತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗದೆ ಕೋಡ್ ಓಡಿಸಿದರೆ, ಉತ್ತರ ತಪ್ಪಾಗಿ ಬಂದಾಗ ಗೊತ್ತೇ ಆಗುವುದಿಲ್ಲ. ಸಾಫ್ಟ್‌ವೇರ್ ಅಂತೂ ಕೊಟ್ಟ ಕಸಕ್ಕೂ ಚೆಂದದ ಬಣ್ಣದ ಚಿತ್ರ ಬಿಡಿಸಿಕೊಡುತ್ತೆ.

ನೆಟ್‌ವರ್ಕ್ ಬಗ್ಗೆ ಒಂದು ಮಾತು. ಜೂನ್‌ನಿಂದ ತೀರ್ಥಹಳ್ಳಿ, ಆಗುಂಬೆ ಕಡೆ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುವುದು ಹೊಸದೇನಲ್ಲ. ಎಂಎನ್ಇ ತಾಣದಲ್ಲಿ ಪೈಥಾನ್ ಸಮೇತ ಎಲ್ಲವೂ ಸೇರಿದ ಇನ್‌ಸ್ಟಾಲರ್ ಸಿಗುತ್ತದೆ. ಫೈಲ್ ದೊಡ್ಡದು. ಶಿವಮೊಗ್ಗಕ್ಕೆ ಬಂದಾಗ ಫೈಬರ್ ಇರುವ ಕಡೆ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೋಗಿ. ಮನೆಯಲ್ಲಿ ಒಂದೊಂದೇ ಪ್ಯಾಕೇಜ್ ಇಳಿಸುತ್ತಾ ಕೂತರೆ ಅರ್ಧಕ್ಕೆ ನಿಂತು ತಲೆಕೆಡುತ್ತೆ.

ಫೈಲ್ ತರುವುದು

ಫಿಸಿಯೋನೆಟ್ ಅನ್ನುವ ತಾಣದಲ್ಲಿ ಕೈಕಾಲು ಚಲನೆ ಮತ್ತು ಅದರ ಕಲ್ಪನೆಗೆ ಸಂಬಂಧಿಸಿದ ಇಇಜಿ ಸಂಗ್ರಹವಿದೆ. 109 ಜನ ಸ್ವಯಂಸೇವಕರು, 64 ಚಾನೆಲ್ (ಒಂದೊಂದು ಎಲೆಕ್ಟ್ರೋಡಿಗೆ ಒಂದೊಂದು ಗೆರೆ), ಸೆಕೆಂಡಿಗೆ 160 ಸ್ಯಾಂಪಲ್, ಅಂದರೆ 160 ಸಲ ಅಳತೆ. ಒಬ್ಬೊಬ್ಬರದು 14 ಫೈಲು. ಮೊದಲನೆಯದು ಕಣ್ಣು ಬಿಟ್ಟ ಒಂದು ನಿಮಿಷ, ಎರಡನೆಯದು ಕಣ್ಣು ಮುಚ್ಚಿದ ಒಂದು ನಿಮಿಷ. ಉಳಿದ 12ರಲ್ಲಿ ಎರಡೆರಡು ನಿಮಿಷ ಮುಷ್ಟಿ ಹಿಡಿಯುವುದು, ಕಾಲು ಆಡಿಸುವುದು, ಹಾಗೆ ಮಾಡಿದಂತೆ ಮನಸ್ಸಿನಲ್ಲೇ ಊಹಿಸುವುದು ಇದೆ.

ಇಡೀ ಸಂಗ್ರಹ 3 ಜಿಬಿಗೂ ಮೇಲೆ. ಅದನ್ನು ಮುಟ್ಟಬೇಡಿ. ಮೊದಲ ವ್ಯಕ್ತಿಯ ಮೊದಲ ಎರಡು ಫೈಲು ಸಾಕು. ಹೆಸರು ಎಸ್001ಆರ್01, ಎಸ್001ಆರ್02. ಒಂದೊಂದೂ 1.2 ಎಂಬಿ ಆಸುಪಾಸು, ವಾಟ್ಸಾಪ್ ಫೋಟೋ ಬರುವಷ್ಟು ಸಿಗ್ನಲ್ ಇದ್ದರೂ ಇಳಿಯುತ್ತದೆ. ಇದೇ ಸಂಗ್ರಹವನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬಳಸಿದರೆ ಮೂಲ ಯಾವುದು ಅಂತ ಬರೆಯಲೇಬೇಕು.

ಫೈಲನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ

ಹೌದು, ನೋಟ್‌ಪ್ಯಾಡ್‌ನಲ್ಲೇ. ಇಇಜಿ ಫೈಲುಗಳು ಸಾಮಾನ್ಯವಾಗಿ ಇಡಿಎಫ್ ಎಂಬ ನಮೂನೆಯಲ್ಲಿರುತ್ತವೆ, 1992ರಿಂದ ಬಳಕೆಯಲ್ಲಿದೆ. ಅದರ ಮೊದಲ 256 ಬೈಟು ಯಾರು ಬೇಕಾದರೂ ಓದಬಹುದಾದ ಅಕ್ಷರಗಳು. ಮೊದಲ 8 ಅಕ್ಷರ ಆವೃತ್ತಿಗೆ, ಮುಂದಿನ 80 ರೋಗಿಯ ವಿವರಕ್ಕೆ, ಇನ್ನೊಂದು 80 ರೆಕಾರ್ಡಿಂಗ್ ವಿವರಕ್ಕೆ. ಆಮೇಲೆ ತಾರೀಕು, ಸಮಯ. ಅದರ ನಂತರ ಚಾನೆಲ್ ಹೆಸರುಗಳು, ತಲಾ 16 ಅಕ್ಷರ. ಚಾನೆಲ್‌ಗಳ ಉಳಿದ ವಿವರವೂ ಮುಗಿದ ಮೇಲೆ ಪರದೆ ತುಂಬ ಅರ್ಥವಾಗದ ಚಿಹ್ನೆಗಳು. ಅದೇ ಸಿಗ್ನಲ್. ಸೇವ್ ಮಾಡದೆ ಮುಚ್ಚಿಬಿಡಿ, ಮಾಡಿದರೆ ಫೈಲ್ ಕೆಡುತ್ತದೆ.

ಇದನ್ನು ನೋಡಿ ಅಂತ ಹೇಳಲು ಎರಡು ಕಾರಣ. ನಿಮ್ಮ ಕೈಲಿರುವ ಫೈಲಿನಲ್ಲಿ ಹೆಸರಿನ ಜಾಗದಲ್ಲಿ ಬರೀ ಎಕ್ಸ್ ಅಕ್ಷರಗಳಿವೆ, ಯಾರದೆಂದು ತಿಳಿಯದಿರಲಿ ಅಂತ. ಆದರೆ ಆಸ್ಪತ್ರೆಯಿಂದ ಬಂದ ಫೈಲಿನಲ್ಲಿ ಅದೇ ಜಾಗದಲ್ಲಿ ರೋಗಿಯ ಹೆಸರು, ಹುಟ್ಟಿದ ದಿನ ಇರಬಹುದು. ಅದನ್ನು ಮುಂದೆ ಹೇಳುತ್ತೇನೆ. ಎರಡನೆಯದು, ಚಾನೆಲ್ ಹೆಸರು ಗಮನಿಸಿ: ಓ1 ಆದ ಮೇಲೆ ಎರಡು ಚುಕ್ಕೆ, ಎಫ್‌ಸಿ5 ಆದ ಮೇಲೆ ಒಂದು ಚುಕ್ಕೆ. ಈ ಚುಕ್ಕೆಗಳು ಈಗ ಸಾಧುವಾಗಿ ಕೂತಿವೆ. ಎಂಎನ್ಇಗೆ ಹೋದಾಗ ಇವೇ ಕಾಟ ಕೊಡುತ್ತವೆ.

ಗೆರೆಗಳನ್ನು ನೋಡುವುದು

ಇಡಿಎಫ್‌ಬ್ರೌಸರ್‌ನಲ್ಲಿ ಕಣ್ಣು ಮುಚ್ಚಿದ ಫೈಲನ್ನು, ಅಂದರೆ ಆರ್02 ಅನ್ನು ಓಪನ್ ಮಾಡಿ. ಯಾವ ಸಿಗ್ನಲ್ ಬೇಕು ಅಂತ ಪಟ್ಟಿ ಬರುತ್ತದೆ. 64ನ್ನೂ ಹಾಕಿದರೆ ಏನೂ ಕಾಣುವುದಿಲ್ಲ. ಆರೇ ಆರಿಸಿ: ಎಫ್‌ಪಿ1, ಎಫ್‌ಪಿ2, ಸಿಝಡ್, ಓ1, ಓಝಡ್, ಓ2. ಎಫ್‌ಪಿ ಅಂದರೆ ಹಣೆ. ಸಿಝಡ್ ನಡುನೆತ್ತಿ. ಓ ಅಂದರೆ ತಲೆಯ ಹಿಂಭಾಗ. ಬೆಸ ಸಂಖ್ಯೆ ಎಡಗಡೆ, ಸಮ ಸಂಖ್ಯೆ ಬಲಗಡೆ, ಝಡ್ ನಡುಗೆರೆ. ಇಷ್ಟು ನೆನಪಿಟ್ಟರೆ ಉಳಿದ ಹೆಸರುಗಳು ತಾವಾಗೇ ಅರ್ಥವಾಗುತ್ತವೆ.

ಪುಟಕ್ಕೆ 10 ಸೆಕೆಂಡು ಬರುವ ಹಾಗೆ ಟೈಮ್‌ಸ್ಕೇಲ್ ಇಡಿ. ಆ್ಯಂಪ್ಲಿಟ್ಯೂಡ್ ಮೆನುವಿನಲ್ಲಿ ಸೆಂಟಿಮೀಟರಿಗೆ 100 ಮೈಕ್ರೋವೋಲ್ಟ್ ಹಾಕಿ ನೋಡಿ, ಆಮೇಲೆ ಹೆಚ್ಚು ಕಡಿಮೆ ಮಾಡಿ. ಗೆರೆಗಳು ಮೇಲೆ ಕೆಳಗೆ ತೇಲುತ್ತಿದ್ದರೆ ಫಿಲ್ಟರ್ ಮೆನುವಿನಲ್ಲಿ ಹೊಸ ಹೈಪಾಸ್ ಫಿಲ್ಟರ್ ಸೇರಿಸಿ, 1 ಹರ್ಟ್ಸ್. ಬೆವರು, ತಲೆ ಅಲುಗಾಟದಿಂದ ಬರುವ ನಿಧಾನ ಓಲಾಟ ಅದರಿಂದ ಹೋಗುತ್ತದೆ. ಮೇಲಿನಿಂದ 40 ಹರ್ಟ್ಸ್ ಲೋಪಾಸ್, ಅದಕ್ಕಿಂತ ವೇಗದ್ದನ್ನು ಕತ್ತರಿಸಲು.

ಈಗ ಓ1, ಓಝಡ್, ಓ2 ಗೆರೆಗಳ ಮೇಲೆ ಕಣ್ಣಿಡಿ. ಒಂದು ಸೆಕೆಂಡಿನೊಳಗೆ ಎಷ್ಟು ಸಲ ಏರಿಳಿಯುತ್ತವೆ ಅಂತ ಬೆರಳಿಟ್ಟು ಎಣಿಸಿ. ಸುಮಾರು ಹತ್ತು ಬಂದರೆ ಅದೇ ಆಲ್ಫಾ. ಒಂದೇ ಸಮ ಇರುವುದಿಲ್ಲ, ಉಬ್ಬಿ ಇಳಿದು ಮತ್ತೆ ಉಬ್ಬುತ್ತದೆ. ಈಗ ಆರ್01 ತೆರೆದು ಅದೇ ಜಾಗ ನೋಡಿ. ಹಿಂಭಾಗದ ಗೆರೆಗಳು ಚಪ್ಪಟೆಯಾಗಿರುತ್ತವೆ, ಹಣೆಯ ಎರಡು ಗೆರೆಗಳಲ್ಲಿ ಮಾತ್ರ ಆಗಾಗ ದೊಡ್ಡ ಗುಡ್ಡ. ಅದು ಕಣ್ಣು ಮಿಟುಕಿಸಿದ್ದು. ಕಣ್ಣುಗುಡ್ಡೆಯ ಮುಂಭಾಗ ಹಿಂಭಾಗಕ್ಕಿಂತ ವಿದ್ಯುತ್ತಿನಲ್ಲಿ ಧನ (ಪಾಸಿಟಿವ್) ಆಗಿರುವುದರಿಂದ ಹೀಗಾಗುತ್ತೆ. ಮಿದುಳಿನ ಸಿಗ್ನಲ್‌ಗಿಂತ ಹಲವು ಪಟ್ಟು ದೊಡ್ಡದು. ಅಂದ ಹಾಗೆ ನರರೋಗ ತಜ್ಞರ ಕಾಗದದಲ್ಲಿ ಇದೇ ಮಿಟುಕು ತಲೆಕೆಳಗಾಗಿ ಕಾಣುತ್ತದೆ, ಏಕೆಂದರೆ ಅವರ ರೂಢಿಯಲ್ಲಿ ಋಣ (ನೆಗೆಟಿವ್) ಮೇಲೆ. ಗಾಬರಿ ಬೇಡ.

ಕೆಲವರಲ್ಲಿ ಆಲ್ಫಾ ಹುಟ್ಟಾ ಸಣ್ಣದು. ಅದೇನೂ ಕಾಯಿಲೆಯಲ್ಲ. ಒಬ್ಬರಲ್ಲಿ ಸ್ಪಷ್ಟ ಕಾಣದಿದ್ದರೆ ಇನ್ನೊಬ್ಬರ ಫೈಲ್ ತೆಗೆದುಕೊಳ್ಳಿ.

50 ಹರ್ಟ್ಸೋ 60 ಹರ್ಟ್ಸೋ

ನಮ್ಮ ಮೆಸ್ಕಾಂ ಕರೆಂಟ್ 50 ಹರ್ಟ್ಸ್. ಈ ಫೈಲುಗಳು ಅಮೆರಿಕದ್ದು, ಅಲ್ಲಿ 60. ಗೋಡೆಯ ವೈರಿನಿಂದ ಬರುವ ಕರೆಂಟಿನ ಗಲಾಟೆ ಎಲೆಕ್ಟ್ರೋಡಿಗೂ ಹತ್ತುತ್ತದೆ, ಆ ಒಂದು ಹರ್ಟ್ಸನ್ನಷ್ಟೇ ಕತ್ತರಿಸಲು ನಾಚ್ ಫಿಲ್ಟರ್ ಬಳಸುತ್ತಾರೆ. ಯಾವುದೋ ವೀಡಿಯೋ ನೋಡಿ ಯೋಚಿಸದೆ 50 ಹಾಕಿದರೆ 60ರ ಗಲಾಟೆ ಹಾಗೇ ಉಳಿಯುತ್ತೆ. ನಾವು 40ಕ್ಕೇ ಮೇಲಿನದನ್ನು ಕತ್ತರಿಸಿದ್ದೇವೆ, ಹಾಗಾಗಿ ಈ ಪ್ರಯೋಗಕ್ಕೆ ನಾಚ್ ಬೇಡವೇ ಬೇಡ. ಬೇಡದ ಫಿಲ್ಟರ್ ಹಾಕದಿರುವುದೂ ಒಂದು ಕೌಶಲ.

ಸ್ಪೆಕ್ಟ್ರಮ್

ಈಗ ಕಣ್ಣಿಗೆ ಕಂಡದ್ದನ್ನು ಲೆಕ್ಕಕ್ಕೆ ತರೋಣ. ಇಡೀ ರೆಕಾರ್ಡಿಂಗ್ ಒಂದೇ ಪುಟದಲ್ಲಿ ಬರುವ ಹಾಗೆ ಟೈಮ್‌ಸ್ಕೇಲ್ ಬದಲಿಸಿ, ಓಝಡ್ ಚಾನೆಲ್‌ನ ಪವರ್ ಸ್ಪೆಕ್ಟ್ರಮ್ ತೆರೆಯಿರಿ. ಯಾವ ವೇಗದ ಅಲೆಯಲ್ಲಿ ಎಷ್ಟು ಶಕ್ತಿ ಇದೆ ಅಂತ ತೋರಿಸುವ ಚಿತ್ರ ಅದು. ಅಡ್ಡಕ್ಕೆ ಹರ್ಟ್ಸ್, ಉದ್ದಕ್ಕೆ ಶಕ್ತಿ. ಕಡಿಮೆ ಹರ್ಟ್ಸ್ ಕಡೆ ಎತ್ತರ, ಬಲಕ್ಕೆ ಹೋದಂತೆ ಇಳಿಜಾರು. ಇದು ಎಲ್ಲ ಇಇಜಿಯಲ್ಲೂ ಇರುವುದೇ. ಕಣ್ಣು ಮುಚ್ಚಿದ ಫೈಲಿನಲ್ಲಿ ಆ ಇಳಿಜಾರಿನ ಮೇಲೆ 10 ಹರ್ಟ್ಸ್ ಹತ್ತಿರ ಒಂದು ದಿಬ್ಬ ಎದ್ದಿರುತ್ತದೆ. ಕಣ್ಣು ಬಿಟ್ಟ ಫೈಲಿನಲ್ಲಿ ಅದು ಕುಗ್ಗಿರುತ್ತದೆ ಇಲ್ಲವೇ ಇರುವುದಿಲ್ಲ. ಎಫ್‌ಪಿ1ರಲ್ಲೂ ಇದೇ ನೋಡಿ, ದಿಬ್ಬ ಸಣ್ಣದಿರುತ್ತದೆ.

ಬರ್ಗರ್ ಸುಮಾರು ನೂರು ವರ್ಷದ ಹಿಂದೆ ಕಂಡದ್ದನ್ನು ನೀವೂ ಕಂಡಿರಿ. ಇಲ್ಲಿಗೆ ನಿಲ್ಲಿಸುವವರು ನಿಲ್ಲಿಸಬಹುದು. ಮುಂದಿನದು ಪೈಥಾನ್ ಸ್ವಲ್ಪ ಗೊತ್ತಿರುವವರಿಗೆ.

ಎಂಎನ್ಇ-ಪೈಥಾನ್‌ನಲ್ಲಿ ಅದೇ ಕೆಲಸ

ಕೋಡಿನ ಸಾಲುಗಳು ಎಂಎನ್ಇ ತಾಣದ ಟ್ಯುಟೋರಿಯಲ್‌ಗಳಲ್ಲಿ ಸಿಗುತ್ತವೆ, ಈ ಸಂಗ್ರಹವನ್ನೇ ಬಳಸಿದ ಉದಾಹರಣೆಯೂ ಇದೆ. ಯಾವುದರ ಹಿಂದೆ ಯಾವುದು, ಎಲ್ಲಿ ಎಡವುತ್ತೀರಿ ಅನ್ನುವುದನ್ನಷ್ಟೇ ಹೇಳುತ್ತೇನೆ.

ಫೈಲ್ ಓದಿಸಿದ ತಕ್ಷಣ ಸ್ಯಾಂಪ್ಲಿಂಗ್ ವೇಗ ಪ್ರಿಂಟ್ ಮಾಡಿ ನೋಡಿ. 160 ಇರಬೇಕು. ಈ ಸಂಗ್ರಹದಲ್ಲಿ 88, 92, 100ನೇ ವ್ಯಕ್ತಿಗಳ ಫೈಲುಗಳು 128ರಲ್ಲಿವೆ. ಎಲ್ಲರನ್ನೂ ಒಟ್ಟಿಗೆ ಸೇರಿಸಲು ಹೊರಟವರು ಅಲ್ಲೇ ಮುಗ್ಗರಿಸುತ್ತಾರೆ.

ಆಮೇಲೆ ಆ ಚುಕ್ಕೆಗಳು. ಎಲೆಕ್ಟ್ರೋಡ್ ತಲೆಯ ಮೇಲೆ ಎಲ್ಲಿದೆ ಅನ್ನುವುದು ಫೈಲಿನಲ್ಲಿ ಇರುವುದಿಲ್ಲ, ಹೆಸರು ನೋಡಿ ಹೊಂದಿಸಬೇಕು. ಹೆಸರಿನ ಕೊನೆಗೆ ಚುಕ್ಕೆ ಇದ್ದರೆ ಹೊಂದುವುದಿಲ್ಲ, ಎರರ್ ಬರುತ್ತದೆ. ಈ ಸಂಗ್ರಹಕ್ಕೆಂದೇ ಎಂಎನ್ಇ ಒಳಗೆ ಸ್ಟ್ಯಾಂಡರ್ಡೈಸ್ ಎಂಬ ಫಂಕ್ಷನ್ ಇದೆ. ಅದನ್ನು ಮೊದಲು ಓಡಿಸಿ, ಆಮೇಲೆ ಮಾಂಟಾಜ್, ಅಂದರೆ ಎಲೆಕ್ಟ್ರೋಡ್ ಜಾಗಗಳ ಪಟ್ಟಿ ಹಾಕಿ.

ಮುಂದಿನದು ಕೆಟ್ಟ ಚಾನೆಲ್. ಪ್ಲಾಟ್ ತೆರೆದು ಪೂರ್ತಿ ಚಪ್ಪಟೆ ಇರುವ ಅಥವಾ ಎಲ್ಲರಿಗಿಂತ ಹುಚ್ಚಾಪಟ್ಟೆ ಕುಣಿಯುವ ಚಾನೆಲ್ ಇದ್ದರೆ ಹೆಸರಿನ ಮೇಲೆ ಕ್ಲಿಕ್ ಮಾಡಿ ಗುರುತು ಹಾಕಿ. ಇದು ಸರಾಸರಿ ರೆಫರೆನ್ಸ್ ಹಾಕುವ (ಎಲ್ಲ ಚಾನೆಲ್‌ಗಳ ಸರಾಸರಿಯನ್ನು ಪ್ರತಿಯೊಂದರಿಂದಲೂ ಕಳೆಯುವ) ಮುಂಚೆ ಆಗಬೇಕು. ಇಲ್ಲದಿದ್ದರೆ ಒಂದು ಕೆಟ್ಟ ಚಾನೆಲ್‌ನ ಕೊಳೆ 64ಕ್ಕೂ ಹರಡುತ್ತೆ. ಆಮೇಲೆ 1ರಿಂದ 40 ಫಿಲ್ಟರ್, ಸರಾಸರಿ ರೆಫರೆನ್ಸ್, ಸ್ಪೆಕ್ಟ್ರಮ್. 8ರಿಂದ 13 ಹರ್ಟ್ಸ್ ಶಕ್ತಿಯನ್ನು ತಲೆಯ ನಕ್ಷೆಯಾಗಿ ಬಿಡಿಸಲು ಹೇಳಿ, ಕಣ್ಣು ಮುಚ್ಚಿದಾಗ ಹಿಂಭಾಗ ಹೊಳೆಯಬೇಕು.

ಸಂಖ್ಯೆಗಳು 0.00005 ಅಂತ ಕಂಡರೆ ಏನೋ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಎಂಎನ್ಇ ಒಳಗೆ ಎಲ್ಲವೂ ವೋಲ್ಟ್‌ನಲ್ಲಿ. ಅದು 50 ಮೈಕ್ರೋವೋಲ್ಟ್.

ಲ್ಯಾಪ್‌ಟಾಪ್ ಹಳೆಯದು ಅನ್ನುವ ಚಿಂತೆ ಬಿಡಿ. ಈ ಒಂದು ನಿಮಿಷದ ಫೈಲ್ ಮೆಮೊರಿಯಲ್ಲಿ 5 ಎಂಬಿ ಜಾಗ ತಿನ್ನುತ್ತದೆ. 4 ಜಿಬಿ ರ್‍ಯಾಮ್ ಇದ್ದರೂ ಸಾಕು.

ಮಿಟುಕು ತೆಗೆಯುವುದು

ಕಣ್ಣು ಮಿಟುಕಿಸಿದ ಜಾಗವನ್ನೆಲ್ಲ ಕತ್ತರಿಸಿ ಎಸೆದರೆ ಒಳ್ಳೆಯ ಸಿಗ್ನಲ್ಲೂ ಹೋಗುತ್ತದೆ. ಅದಕ್ಕೆ ಐಸಿಎ (ಇಂಡಿಪೆಂಡೆಂಟ್ ಕಾಂಪೊನೆಂಟ್ ಅನಾಲಿಸಿಸ್) ಅನ್ನುವ ವಿಧಾನ ಇದೆ. ಯಕ್ಷಗಾನದ ರಂಗಸ್ಥಳದ ಸುತ್ತ ಹಲವು ಮೈಕ್ ಇಟ್ಟಿದ್ದೀರಿ ಅಂದುಕೊಳ್ಳಿ. ಪ್ರತಿ ಮೈಕಿನಲ್ಲೂ ಭಾಗವತರ ಹಾಡು, ಚೆಂಡೆ, ಮದ್ದಳೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ. ಎಲ್ಲ ಮೈಕ್‌ಗಳನ್ನೂ ಹೋಲಿಸಿ ಚೆಂಡೆಯೊಂದನ್ನೇ ಬೇರ್ಪಡಿಸಿ ತೆಗೆದರೆ ಉಳಿದದ್ದು ಹಾಗೇ ಸಿಗುತ್ತದೆ. ಐಸಿಎ 64 ಚಾನೆಲ್‌ಗಳಿಂದ ಮಿಟುಕನ್ನು ಹಾಗೆ ಬೇರ್ಪಡಿಸುತ್ತದೆ.

ಇಲ್ಲಿ ಬಹಳ ಜನ ಮರೆಯುವ ಲೆಕ್ಕ ಒಂದಿದೆ. ಸಿಗ್ನಲನ್ನು ಎಷ್ಟು ಭಾಗವಾಗಿ ಬೇರ್ಪಡಿಸಬೇಕೋ ಆ ಸಂಖ್ಯೆಯ ವರ್ಗದ ಕನಿಷ್ಠ 20 ಪಟ್ಟು ಸ್ಯಾಂಪಲ್ ಇರಬೇಕು ಅನ್ನುವುದು ರೂಢಿಯ ಅಂದಾಜು. 64 ಭಾಗಕ್ಕೆ 64 ಗುಣಿಲೆ 64 ಗುಣಿಲೆ 20, ಅಂದರೆ 81,920. ನಮ್ಮ ಒಂದು ನಿಮಿಷದಲ್ಲಿ ಇರುವುದು 9,600 ಚಿಲ್ಲರೆ. ಎಲ್ಲಿ ಸಾಲುತ್ತೆ? ಎರಡು ದಾರಿ ಇವೆ. ಭಾಗಗಳ ಸಂಖ್ಯೆಯನ್ನು 20ಕ್ಕೆ ಇಳಿಸಿ, ಆಗ 8,000 ಸಾಕು. ಇಲ್ಲವಾದರೆ ಅದೇ ವ್ಯಕ್ತಿಯ ಎರಡೆರಡು ನಿಮಿಷದ ಐದು ಫೈಲು ಸೇರಿಸಿ ಹತ್ತು ನಿಮಿಷ ಮಾಡಿ, ಅದರಲ್ಲಿ ಐಸಿಎ ಕಲಿಸಿ. ನನಗೆ ಎರಡನೆಯದೇ ಇಷ್ಟ. ರ್‍ಯಾಂಡಮ್ ಸ್ಟೇಟ್‌ಗೆ ಒಂದು ಸಂಖ್ಯೆ ಕೊಟ್ಟುಬಿಡಿ, ನಾಳೆ ಓಡಿಸಿದಾಗಲೂ ಅದೇ ಉತ್ತರ ಬರಲಿ.

ಬಂದ ಭಾಗಗಳ ನಕ್ಷೆ ನೋಡಿ. ಹಣೆಯ ಮೇಲಷ್ಟೇ ಬಣ್ಣ ತುಂಬಿ, ಕಾಲದ ಗೆರೆಯಲ್ಲಿ ಆಗಾಗ ಗುಡ್ಡ ಎದ್ದರೆ ಅದು ಮಿಟುಕು. ಅದೊಂದನ್ನು ತೆಗೆಯಿರಿ. ಅನುಮಾನ ಇದ್ದದ್ದನ್ನು ಬಿಡಿ. ಸಿಗ್ನಲ್ ಚೊಕ್ಕ ಕಾಣಲಿ ಅಂತ ಸಿಕ್ಕಿದ್ದನ್ನೆಲ್ಲ ತೆಗೆದರೆ ಮಿದುಳನ್ನೇ ತೆಗೆದ ಹಾಗೆ ಆಗುತ್ತೆ. ತೆಗೆದ ಮೇಲೆ ಹಿಂದಿನ ಗೆರೆ, ಈಗಿನ ಗೆರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವುದನ್ನು ಬಿಡಬೇಡಿ. ಹಿಂಭಾಗದ ಆಲ್ಫಾ ಹಾಗೇ ಇರಬೇಕು.

ಕೊನೆ ವರ್ಷದ ಪ್ರಾಜೆಕ್ಟ್ ಮಾಡುವವರಿಗೆ

ಇದೇ ಸಂಗ್ರಹದ ಮೇಲೆ ಎಡಗೈ ಬಲಗೈ ಗುರುತಿಸುವ ಪ್ರಾಜೆಕ್ಟ್‌ಗಳು ಬಹಳ. ಶೇಕಡ 98 ಸರಿ ಉತ್ತರ ಬಂತು ಅಂತ ಯಾರಾದರೂ ತಂದರೆ ನಾನು ಮೊದಲು ಕೇಳುವುದು, ಡೇಟಾ ಹೇಗೆ ಭಾಗ ಮಾಡಿದ್ರಿ ಅಂತ. ಒಂದೇ ವ್ಯಕ್ತಿಯ, ಒಂದೇ ಫೈಲಿನ ಒಂದರ ಮೇಲೊಂದು ಬೀಳುವ ತುಣುಕುಗಳಲ್ಲಿ ಕೆಲವು ಕಲಿಕೆಗೆ, ಕೆಲವು ಪರೀಕ್ಷೆಗೆ ಹೋದರೆ ಮಾಡೆಲ್ ಉತ್ತರವನ್ನು ಮೊದಲೇ ನೋಡಿರುತ್ತದೆ. ವ್ಯಕ್ತಿಗಳನ್ನೇ ಬೇರೆ ಮಾಡಿ ಪರೀಕ್ಷಿಸಿ. ಅಂಕ ಬಿದ್ದುಹೋಗುತ್ತೆ, ಬೀಳಲಿ. ಅದನ್ನೇ ರಿಪೋರ್ಟಿನಲ್ಲಿ ಬರೆಯಿರಿ.

ನಿಮ್ಮದೇ ಫೈಲ್ ಇದ್ದರೆ

ಮನೆಯವರೊಬ್ಬರಿಗೆ ಇಇಜಿ ಮಾಡಿಸಿದ್ದೀರಿ, ಅದನ್ನೇ ತೆರೆದು ನೋಡುವ ಆಸೆ ಬರುವುದು ಸಹಜ ಅಲ್ವಾ. ಸಾಮಾನ್ಯವಾಗಿ ಕೈಗೆ ಕೊಡುವುದು ಪ್ರಿಂಟ್ ಅಥವಾ ಪಿಡಿಎಫ್, ಅದರಿಂದ ಏನೂ ಆಗುವುದಿಲ್ಲ. ಇಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿಕೊಡಿ ಅಂತ ಟೆಕ್ನಿಷಿಯನ್ ಹತ್ತಿರ ಕೇಳಬೇಕು. ತೆರೆದು ನೋಡಿ, ಕಲಿಯಿರಿ. ಫಿಟ್ಸ್ ಇದೆಯೋ ಇಲ್ಲವೋ ಅಂತ ಮಾತ್ರ ನೀವು ಹೇಳಲು ಹೋಗಬೇಡಿ. ಚೂಪಾಗಿ ಕಾಣುವ ಎಷ್ಟೋ ಗೆರೆಗಳು ಸಹಜವಾದವೇ, ಅದನ್ನು ಬೇರ್ಪಡಿಸಲು ತಜ್ಞರೇ ವರ್ಷಗಟ್ಟಲೆ ಕಲಿತಿರುತ್ತಾರೆ. ಮಾತ್ರೆ ನಿಲ್ಲಿಸುವುದಂತೂ ದೂರದ ಮಾತು.

ಬೇರೆಯವರ ಫೈಲ್ ಆದರೆ ಅವರ ಒಪ್ಪಿಗೆ ಬರಹದಲ್ಲಿರಲಿ. ಗೆಳೆಯರಿಗೆ ಕಳಿಸುವ ಮುಂಚೆ ಫೈಲಿನ ಒಂದು ಪ್ರತಿ ಮಾಡಿ, ಇಡಿಎಫ್‌ಬ್ರೌಸರ್‌ನ ಟೂಲ್ಸ್ ಮೆನುವಿನಲ್ಲಿರುವ ಹೆಡರ್ ಎಡಿಟರ್‌ನಲ್ಲಿ ಹೆಸರು, ಹುಟ್ಟಿದ ದಿನ ಅಳಿಸಿ. ಫೈಲಿನ ಹೆಸರನ್ನಷ್ಟೇ ಬದಲಿಸಿದರೆ ಒಳಗಿನ ಆ 80 ಅಕ್ಷರ ಹಾಗೇ ಉಳಿದಿರುತ್ತದೆ. ಬದಲಿಸಿದ ಮೇಲೆ ಮತ್ತೊಮ್ಮೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಖಾತ್ರಿ ಮಾಡಿಕೊಳ್ಳಿ.

ಮುಂದೆ ಏನು?

ಇಷ್ಟು ಆದ ಮೇಲೆ ಫಿಟ್ಸ್ ಹೇಗೆ ಕಾಣುತ್ತೆ ಅಂತ ನೋಡಬೇಕಿದ್ದರೆ ಫಿಸಿಯೋನೆಟ್‌ನಲ್ಲೇ ಸಿಎಚ್‌ಬಿ-ಎಂಐಟಿ ಎಂಬ ಸಂಗ್ರಹ ಇದೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ದಾಖಲಿಸಿದ್ದು, ಸೆಕೆಂಡಿಗೆ 256 ಸ್ಯಾಂಪಲ್. ಒಂದು ಗಂಟೆಯ ಫೈಲ್ ಸುಮಾರು 42 ಎಂಬಿ. ಇಲ್ಲಿ ಚಾನೆಲ್‌ಗಳು ಎರಡೆರಡು ಎಲೆಕ್ಟ್ರೋಡುಗಳ ವ್ಯತ್ಯಾಸವಾಗಿ ಬಂದಿವೆ, ಹಾಗಾಗಿ ಮೇಲೆ ಹೇಳಿದ ಸರಾಸರಿ ರೆಫರೆನ್ಸ್, ತಲೆಯ ನಕ್ಷೆ ಎರಡೂ ಇಲ್ಲಿ ನಡೆಯುವುದಿಲ್ಲ. ಪ್ರತಿ ಮಗುವಿನ ಫೋಲ್ಡರಿನಲ್ಲಿ ಸಮ್ಮರಿ ಫೈಲ್ ಇದೆ, ಫಿಟ್ಸ್ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಅಂತ ಅದರಲ್ಲಿ ಬರೆದಿದ್ದಾರೆ. ಮೊದಲ ಮಗುವಿನ ಮೂರನೇ ಫೈಲಿನಲ್ಲಿ 2996ರಿಂದ 3036ನೇ ಸೆಕೆಂಡು. ನೇರ ಅಲ್ಲಿಗೆ ಹಾರಬೇಡಿ. 2900ರಿಂದ ಪುಟಕ್ಕೆ 10 ಸೆಕೆಂಡಿನಂತೆ ಒಂದೊಂದೇ ಪುಟ ತಿರುವುತ್ತಾ ಬನ್ನಿ, ಎಲ್ಲಿ ಬದಲಾಯಿತು ಅಂತ ನಿಮ್ಮ ಕಣ್ಣಿಗೆ ಅನ್ನಿಸಿದ ಸೆಕೆಂಡನ್ನು ಬರೆದಿಟ್ಟುಕೊಂಡು, ಆಮೇಲೆ ಸಮ್ಮರಿಯ ಜೊತೆ ಹೋಲಿಸಿ.